ಚುಕ್ಕಿ ಇಟ್ಟ ಹೆಸರುಗಳು

ಎಂಟರ್ ಒತ್ತಿದ ಮೇಲೆ ಏನೂ ಆಗಲಿಲ್ಲ. ಕಂಪ್ಯೂಟರಿನ ಕಪ್ಪು ತೆರೆಯ ಮೇಲೆ ಒಂದು ಸಾಲು ಕೆಳಗಿಳಿಯಿತು, ಬಿಳಿ ಚೌಕ ಮತ್ತೆ ಮಿನುಗತೊಡಗಿತು: ಇದೆ, ಇಲ್ಲ, ಇದೆ, ಇಲ್ಲ. ಟೈಲರ್ ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ, ತಾನು ಬರೆದಿದ್ದನ್ನು ಓದಿಕೊಂಡ. ಆರ್, ಎಂ, ಸ್ವಲ್ಪ ಜಾಗ, ಒಂದು ನಕ್ಷತ್ರ. ಅಳಿಸು, ಎಲ್ಲವನ್ನೂ. ಅಭ್ಯಾಸಕ್ಕೆಂದು ತಾನೇ ಮಾಡಿಟ್ಟಿದ್ದ ನಾಲ್ಕು ಬೇಡದ ಫೈಲುಗಳನ್ನು ಗುಡಿಸಿಹಾಕಲು ಕೊಟ್ಟ ಅಪ್ಪಣೆ ಅದು.

ಆಮೇಲೆ ಏನೋ ಅನುಮಾನ ಬಂದು ಪಿ-ಡಬ್ಲ್ಯೂ-ಡಿ ಎಂದು ಒತ್ತಿದ. ಹೆಜ್ಜೆ ಇಡುವ ಮೊದಲು ನಿಂತ ಜಾಗ ಯಾವುದೆಂದು ಕೇಳಿಕೊಳ್ಳಬೇಕು ಎಂಬುದು ಅವನು ಕಲಿತ ಮೊದಲ ಪಾಠ. ಇವತ್ತು ಹೆಜ್ಜೆ ಇಟ್ಟಾದ ಮೇಲೆ ಕೇಳಿದ್ದ. ಯಂತ್ರ ಮುಚ್ಚುಮರೆಯಿಲ್ಲದೆ ಹೇಳಿತು: ಅವನು ನಿಂತಿದ್ದುದು ಅದರೊಳಗಿನ ಅಭ್ಯಾಸದ ಕೋಣೆಯಲ್ಲಲ್ಲ, ಹೆಂಡತಿ ಗಿರಾಕಿಗಳ ಫೈಲುಗಳನ್ನಿಟ್ಟಿದ್ದ ಅಳತೆಗಳ ಕೋಣೆಯಲ್ಲಿ.

ಎಲ್-ಎಸ್ ಎಂದ. ಏನೇನಿದೆ ತೋರಿಸು. ನಿನ್ನೆಯವರೆಗೆ ಆ ಎರಡಕ್ಷರಕ್ಕೆ ಮುನ್ನೂರು ಹೆಸರುಗಳು ತೆರೆ ತುಂಬಿ ಮೇಲಕ್ಕೆ ಓಡುತ್ತಿದ್ದವು. ಈಗ ಒಂದೂ ಬರಲಿಲ್ಲ. ಬಿಳಿ ಚೌಕ ಮಾತ್ರ ಮಿನುಗಿತು.

ಹಿಂದೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಹೆಂಡತಿ ಎಡಗೈಯಿಂದ ಗುಂಡಿಗಳನ್ನು ಬಣ್ಣ ಬಣ್ಣವಾಗಿ ಬೇರ್ಪಡಿಸುತ್ತ ಕೂತಿದ್ದಳು.

"ಏನಿಲ್ಲ ಬಿಡು," ಎಂದ, ಅವಳು ಏನೂ ಕೇಳಿರದಿದ್ದರೂ.

"ನಾಳೆ," ಎಂದಳು ಅವಳು.

ಬೀದಿಯವರಿಗೆ ಆಕೆ ಕತ್ತರಿಯಮ್ಮ. ಮೂವತ್ತೆಂಟು ವರ್ಷ ಆ ಅಂಗಡಿಯಲ್ಲಿ ಅಳತೆ ತೆಗೆದು ಬಟ್ಟೆ ಕತ್ತರಿಸಿದ್ದು ಅವಳು, ಕತ್ತರಿಸಿ ಕೊಟ್ಟಿದ್ದನ್ನು ಹೊಲಿದದ್ದು ಅವನು. ಬೋರ್ಡಿನ ಮೇಲೆ ಟೈಲರ್ ಅಂತ ಇದ್ದದ್ದು ಅವನೇ ಆದರೂ ಬುದ್ಧಿ ಯಾವ ಮೇಜಿನ ಹಿಂದೆ ನಿಂತಿದೆ, ಕಾಲು ಯಾವ ಮೇಜಿನ ಕೆಳಗೆ ತುಳಿಯುತ್ತಿದೆ ಎಂಬುದು ಗಿರಾಕಿಗಳಿಗೆಲ್ಲ ಗೊತ್ತಿತ್ತು. ಅವನಿಗೂ ಗೊತ್ತಿತ್ತು, ಅದರಿಂದ ಅವನಿಗೆ ಸುಖವೇ ಇತ್ತು. ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಕಾಲರಿನ ತಿರುವಿನಲ್ಲಿ, ಅವಳ ಕತ್ತರಿ ನಿಂತುಬಿಟ್ಟಿತು. ಬಲಗೈ ಸೋತಿತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಅವಳ ಬಾಯಲ್ಲಿ ಉಳಿದಿದ್ದದ್ದು ಒಂದೇ ಪದ. ಹಸಿವಾದರೂ ಅದೇ, ಕಾಲು ಜೋಮು ಹಿಡಿದರೂ ಅದೇ, ಕಿಟಕಿ ತೆಗೆ ಎನ್ನುವುದಕ್ಕೂ ಅದೇ. ನಾಳೆ. ಒಳಗೆ ಎಲ್ಲಾ ಇದೆ, ಹೊರಗೆ ಬರುವ ದಾರಿ ಮುಚ್ಚಿದೆ, ಒಂದೇ ಪದ ಹೇಗೋ ನುಸುಳಿಕೊಂಡು ಬರುತ್ತಿದೆ ಎಂದರು ಡಾಕ್ಟರು.

"ಟೈಲರಂಗಡೀಲಿ ಬೇರೆ ಯಾವ ಮಾತು ಉಳೀಬೇಕಿತ್ತು ಹೇಳಿ," ಎಂದಿದ್ದ ನೋಡಲು ಬಂದ ಬೇಕರಿಯವನು, ಕಣ್ಣೊರೆಸಿಕೊಳ್ಳುತ್ತಲೇ. ಟೈಲರನೂ ನಕ್ಕಿದ್ದ. ನಗದಿದ್ದರೆ ಅಳಬೇಕಾಗಿತ್ತು.

ಕಂಪ್ಯೂಟರ್ ಬಂದದ್ದು ಎದುರಿನ ಮಹಡಿಯಿಂದ. ಅಲ್ಲಿ ಒಂದು ಕಾಲದಲ್ಲಿ ಟೈಪಿಂಗ್ ಕ್ಲಾಸು ನಡೆಯುತ್ತಿತ್ತು. ಕ್ಲಾಸು ಮುಚ್ಚಿದ ಮೇಲೆ ಟೀಚರ್ ಒಬ್ಬರೇ ಉಳಿದರು, ಜೊತೆಗೆ ಯಾರಿಗೂ ಬೇಡವಾದ ಮೂರು ಹಳೇ ಕಂಪ್ಯೂಟರುಗಳು. ಅವಕ್ಕೆಲ್ಲ ತಾವೇ ಓದಿ ಕಲಿತು ಲಿನಕ್ಸ್ ಎಂಬ ಪುಕ್ಕಟೆ ಸಿಗುವ ತಂತ್ರಾಂಶ ಹಾಕಿ, ಸತ್ತವರನ್ನು ಎಬ್ಬಿಸಿ ಕೂರಿಸಿದ ಹಾಗೆ ಕೂರಿಸಿದ್ದರು. ಅದರಲ್ಲೊಂದನ್ನು ಕತ್ತರಿಯಮ್ಮನಿಗೆ ಕೊಟ್ಟರು. ಆಕೆ ಎರಡು ವರ್ಷ, ಬಟ್ಟೆ ಕತ್ತರಿಸಿ ಬಿಡುವಾದಾಗಲೆಲ್ಲ, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ, ಹುಳ ತಿನ್ನುತ್ತಿದ್ದ ಅಳತೆ ಪುಸ್ತಕಗಳನ್ನೆಲ್ಲ ಅದರೊಳಗೆ ಇಳಿಸಿದ್ದಳು. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅಳತೆಗಳು, ಗಿರಾಕಿಗೊಂದು ಫೈಲು. ಇಳಿಸಿ ಮುಗಿದ ಪುಟವನ್ನು ಹರಿದು ಕಾಲರಿಗೆ ಕಾಗದದ ಪ್ಯಾಟರ್ನ್ ಮಾಡಿಕೊಳ್ಳುತ್ತಿದ್ದಳು. ಹೀಗೆ ಮೂವತ್ತೆಂಟು ವರ್ಷದ ಪುಸ್ತಕಗಳು ಊರಿನವರ ಕುತ್ತಿಗೆಯ ಸುತ್ತ ಖರ್ಚಾಗಿ ಹೋದವು.

ಅವಳು ಮಾತು ಕಳೆದುಕೊಂಡ ಮೇಲೆ ಟೀಚರ್ ದಿನಾ ಬೆಳಿಗ್ಗೆ ಒಂದು ಗಂಟೆ ಬರತೊಡಗಿದರು, ಟೈಲರನಿಗೆ ಕಲಿಸಲು. ಹನ್ನೊಂದು ಗಂಟುಗಳು ಕಪಾಟಿನಲ್ಲಿ ಕಾಯುತ್ತಿದ್ದವು. ಅಳತೆ ತೆಗೆದಾಗಿದೆ, ಬಟ್ಟೆ ಕೊಟ್ಟಾಗಿದೆ, ಕತ್ತರಿ ಬಿದ್ದಿಲ್ಲ.

"ನೋಡಿ ಟೈಲರೇ, ಈ ಲಿನಕ್ಸ್ ಯಾರೊಬ್ಬರ ಸ್ವತ್ತೂ ಅಲ್ಲ," ಎಂದಿದ್ದರು ಮೊದಲ ದಿನ. "ಅಂಗಿ ತಿರುಗಿಸಿ ಒಳಹೊಲಿಗೆ ನೋಡಿದ ಹಾಗೆ ಯಾರು ಬೇಕಾದ್ರೂ ಇದರ ಒಳಗೆ ನೋಡಬಹುದು. ಎಲ್ಲಾದ್ರೂ ಹೊಲಿಗೆ ಬಿಟ್ಟಿದ್ರೆ ಹಾಕಬಹುದು. ಏನೂ ಮುಚ್ಚಿಟ್ಟಿಲ್ಲ."

"ಮುಚ್ಚಿಡದೆ ಇದ್ರೆ ಇಷ್ಟು ಕಪ್ಪಗೆ ಯಾಕಿದೆ?"

"ಹಳೇ ಮಿಷನ್ನು. ಚಿತ್ರಗಿತ್ರ ತೋರಿಸೋ ತ್ರಾಣ ಇಲ್ಲ. ಕೇಳಿದ್ದಕ್ಕೆ ಉತ್ತರ ಹೇಳುತ್ತೆ, ಸಾಲದಾ? ಒಂದು ನೆನಪಿಡಿ. ಹೇಳಿದ ಕೆಲಸ ಸರಿಯಾಗಿ ಆದ್ರೆ ಇದು ಬಾಯಿ ಬಿಡಲ್ಲ. ತಪ್ಪಾದ್ರೆ ಮಾತ್ರ ಮಾತಾಡುತ್ತೆ."

"ಹಾಗಾದ್ರೆ ನಮ್ಮನೆಯವಳ ತಳೀನೇ," ಎಂದು ಟೈಲರ್ ಹೇಳಿದ್ದಕ್ಕೆ ಕಿಟಕಿಯ ಕಡೆಯಿಂದ ಒಂದು ಗುಂಡಿ ಹಾರಿ ಬಂದು ಅವನ ಬೆನ್ನಿಗೆ ಬಿದ್ದಿತ್ತು.

ಯಂತ್ರ ಗುಪ್ತಪದ ಕೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡಿದ್ದರು. ಅದು ಗೊತ್ತಿದ್ದವಳಿಗೆ ಹೇಳಲು ಬಾಯಿಲ್ಲ. ಬರೆದು ತೋರಿಸು ಎಂದರೆ ಅಕ್ಷರಗಳು ಗುಪ್ಪೆಯಾಗಿ ಬೀಳುತ್ತಿದ್ದವು. ಆದರೆ ಅವಳು ಮೇಜಿನಂಚು ಹಿಡಿದು ಎದ್ದುಬಂದು, ಎಡಗೈಯ ತೋರುಬೆರಳಿನಲ್ಲಿ, ಟಪ ಟಪ ಟಪ ಎಂದು ಏಳೆಂಟು ಕೀಲಿ ಒತ್ತಿದಳು. ತೆರೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಗುಪ್ತಪದ ಒತ್ತುವಾಗ ಏನೂ ಕಾಣುವುದಿಲ್ಲ, ಅದರ ರೀತಿಯೇ ಹಾಗೆ ಎಂದರು ಟೀಚರ್. ಬಾಗಿಲು ತೆರೆದುಕೊಂಡಿತು. ಅಂದಿನಿಂದ ದಿನಾ ಬೆಳಿಗ್ಗೆ ಬಾಗಿಲು ತೆರೆಯುವುದು ಅವಳ ಕೆಲಸ. ಆ ಪದ ಏನೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಉಳಿದದ್ದನ್ನೆಲ್ಲ ಅವನು ಹೊಸ ಮನೆಯಲ್ಲಿ ಓಡಾಡುವುದನ್ನು ಕಲಿತ ಹಾಗೆ ಕಲಿತ. ಸಿ-ಡಿ ಎಂದರೆ ಕೋಣೆಯಿಂದ ಕೋಣೆಗೆ ನಡೆ. ಎರಡು ಚುಕ್ಕಿ ಇಟ್ಟರೆ ಒಂದು ಬಾಗಿಲು ಹಿಂದಕ್ಕೆ. ದಾರಿ ತಪ್ಪಿದರೆ ಸುಮ್ಮನೆ ಸಿ-ಡಿ ಎಂದು ಎಂಟರ್ ಒತ್ತು, ಎಲ್ಲಿದ್ದರೂ ಮನೆಗೆ ತಂದು ಬಿಡುತ್ತದೆ. ಇದು ಅವನಿಗೆ ಬಹಳ ಇಷ್ಟವಾಯಿತು. ಕೆಲಸವಿಲ್ಲದಿದ್ದರೂ ದೂರದೂರದ ಕೋಣೆಗಳಿಗೆ ಹೋಗಿ ಅಲ್ಲಿಂದ ಮನೆಗೆ ಬರುತ್ತಿದ್ದ. ಹೆಸರು ಪೂರ್ತಿ ಬರೆಯುವ ಕಷ್ಟವಿಲ್ಲ, ಮೊದಲೆರಡು ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಅದೇ ತುಂಬಿಸಿಕೊಳ್ಳುತ್ತದೆ. ಮರೆತದ್ದನ್ನು ಎಂ-ಎ-ಎನ್ ಎಂದು ಕೇಳಿದರೆ ಪುಟಗಟ್ಟಲೆ ಹೇಳುತ್ತದೆ, ಅದು ಮಾತ್ರ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

"ಆರ್-ಎಂ ಅಂದ್ರೆ ಕತ್ತರಿ," ಎಂದಿದ್ದರು ಟೀಚರ್ ಐದನೇ ದಿನ. "ನಕ್ಷತ್ರ ಅಂದ್ರೆ ಎಲ್ಲಾ ಅಂತ. ಎರಡನ್ನ ಒಟ್ಟಿಗೆ ಹಾಕೋಕೆ ಮುಂಚೆ ನೂರು ಸಲ ನೋಡ್ಕೊಳ್ಳಿ. ಇಲ್ಲಿ ಕಸದ ಬುಟ್ಟಿ ಇಲ್ಲ, ಹೆಕ್ಕಿ ತೆಗೆಯೋಕೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಮೊದಲು ಆ ಅಳತೆಗಳದ್ದೆಲ್ಲ ಒಂದು ನಕಲು ತೆಗೆದು ಬೇರೆ ಕಡೆ ಇಟ್ಕೊಳ್ಳಿ."

"ಆಗಲಿ ಟೀಚರ್. ನಾಳೆ," ಎಂದಿದ್ದ ಟೈಲರ್.

ಪಾಠ ಮುಗಿದ ಮೇಲೆ ದಿನಕ್ಕೊಂದೇ ಫೈಲು ತೆರೆದು ಓದುವುದು ಅವನು ತನಗೆ ತಾನೇ ಹಾಕಿಕೊಂಡ ನಿಯಮವಾಗಿತ್ತು. ಒಂದೇ ಸಲ ಓದಿದರೆ ಮುಗಿದುಹೋಗುತ್ತದೆಂಬ ಆಸೆಬುರುಕತನ. ಅಳತೆಗಳ ಪಕ್ಕದಲ್ಲಿ ಅವಳು ಏನೇನೋ ಬರೆದಿಟ್ಟಿದ್ದಳು. ಬೇಕರಿ: ಸೊಂಟ ನಲವತ್ನಾಲ್ಕು, ನಲವತ್ತೆರಡು ಅಂತ ಜೋರಾಗಿ ಹೇಳಿ ನಲವತ್ನಾಲ್ಕು ಬರೆದೆ, ಖುಷಿಯಾಗಿ ಹೋದ. ಎತ್ತರದ ನರ್ಸು: ಬಲಜೇಬು ಆಳ ಇರಲಿ, ಕೈ ನಡುಗುತ್ತೆ ಪಾಪ, ಅಡಗಿಸಿಟ್ಕೊಳ್ಳೋಕೆ ಜಾಗ ಬೇಕು. ಎಂಟು ದಿನ ಎಂಟು ಫೈಲು ಓದಿದ್ದ. ಓದುವಾಗ ಅವಳ ಧ್ವನಿ ಕಿವಿಯಲ್ಲಿ ಕೇಳುತ್ತಿತ್ತು, ಆ ಸ್ವಲ್ಪ ಮೂಗಿನ, ಆತುರದ ಧ್ವನಿ. ಅವಳ ಮಾತು ಉಳಿದಿದ್ದದ್ದು ಅದೊಂದೇ ಜಾಗದಲ್ಲಿ. ಅದನ್ನು ಅವನು ತನ್ನ ಕೈಯಾರೆ, ಮಾಡಿದ ಕೆಲಸ ಅಚ್ಚುಕಟ್ಟಾಗಿರಲಿ ಎಂದು, ಗುಡಿಸಿ ಹಾಕಿದ್ದ.

ಮೂರು ದಿನ ಅವನು ಆ ವಿಷಯ ಬಾಯಿ ಬಿಡಲಿಲ್ಲ. ಟೀಚರಿಗೆ ತಲೆನೋವೆಂದು ಹೇಳಿ ಪಾಠ ತಪ್ಪಿಸಿದ. ಮಧ್ಯಾಹ್ನ ಊಟವಾದ ಮೇಲೆ ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಹತ್ತು ನಿಮಿಷ ಮಲಗುವುದು ಅವನ ಬಹುಕಾಲದ ಅಭ್ಯಾಸ. ಆಗ ಕನಸು ಬೀಳುತ್ತಿತ್ತು. ಕನಸಿನಲ್ಲಿ ಅವನು ಯಂತ್ರದೊಳಗಿನ ಆ ಮನೆಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದ. ಕೋಣೆ ದಾಟಿದರೆ ಇನ್ನೊಂದು ಕೋಣೆ. ಗೋಡೆಯುದ್ದಕ್ಕೂ ಹ್ಯಾಂಗರುಗಳು, ಬಟ್ಟೆಯಿಲ್ಲದೆ, ಗಾಳಿಗೆ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಯಾವುದೋ ಕೋಣೆಯಲ್ಲಿ ಹೆಂಡತಿ ಯಾರ ಹತ್ತಿರವೋ ಮಾತಾಡುತ್ತಿದ್ದಾಳೆ, ಪೂರ್ತಿ ವಾಕ್ಯಗಳಲ್ಲಿ, ನಡುನಡುವೆ ನಗುತ್ತ. ಎರಡು ಚುಕ್ಕಿ ಇಟ್ಟು ಹಿಂದಕ್ಕೆ ಬರುತ್ತಾನೆ, ಧ್ವನಿ ಇನ್ನೊಂದು ಕಡೆಗೆ ಸರಿಯುತ್ತದೆ. ಎಚ್ಚರವಾದಾಗ ಕೆನ್ನೆಯ ಮೇಲೆ ಮಿಷನ್ನಿನ ತಗಡಿನ ಅಚ್ಚು ಬಿದ್ದಿರುತ್ತಿತ್ತು, ಬಿಸಿಲಿನ ಪಟ್ಟಿಯಲ್ಲಿ ದಾರದ ಧೂಳು ತೇಲುತ್ತಿತ್ತು, ಕಿಟಕಿಯ ಪಕ್ಕ ಅವಳು ಗುಂಡಿಗಳ ಮುಂದೆ ಕೂತು ಅವನನ್ನೇ ನೋಡುತ್ತಿರುತ್ತಿದ್ದಳು.

ಅವಳಿಗೆ ಗೊತ್ತಾಗಿದೆಯೆಂದು ಅವನಿಗೆ ಅನುಮಾನ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ. ಬೆಳಿಗ್ಗೆ ಬಾಗಿಲು ತೆರೆದು ಕೊಟ್ಟವಳು ತನ್ನ ಕುರ್ಚಿಗೆ ಹೋಗದೆ ಅಲ್ಲೇ ನಿಂತಿರುತ್ತಿದ್ದಳು. ಎರಡನೇ ದಿನ ಅವನು, ಪವಾಡವೇನಾದರೂ ಆಗಿರಬಹುದೆಂದು, ಎಲ್-ಎಸ್ ಒತ್ತಿ ನೋಡಿದ. ಖಾಲಿ. ಅವಳು ಬಗ್ಗಿ ಗಾಜಿನ ಎಡಅಂಚಿನಲ್ಲಿ ಬೆರಳಿನ ತುದಿ ಒತ್ತಿದಳು. ಒಂದೇ ಸಲ, ಗಟ್ಟಿಯಾಗಿ.

"ನಾಳೆ."

"ಕೊಳೆಯಾಗಿದೆಯಾ?" ಎಂದು ಅವನು ಫ್ಲಾನೆಲ್ ತುಂಡು ತೆಗೆದುಕೊಂಡು ಅವಳ ಬೆರಳಚ್ಚನ್ನು ಒರೆಸಿದ.

ಅವಳು ಮತ್ತೆ ಒತ್ತಿದಳು. ಅವನು ಮತ್ತೆ ಒರೆಸಿದ. ಆಗ ಅವಳು ಸಿಟ್ಟಿನಿಂದ ಅವನ ಹಣೆಗೇ ಬೆರಳಿಟ್ಟು ಒತ್ತಿದಳು. ಎಷ್ಟೋ ತಿಂಗಳ ಮೇಲೆ ಹೆಂಡತಿ ಮುದ್ದು ಮಾಡುತ್ತಿದ್ದಾಳೆಂದು ತಿಳಿದು ಆ ಪುಣ್ಯಾತ್ಮ ನಾಚಿಕೊಂಡ.

ನಾಲ್ಕನೇ ದಿನ ಟೀಚರ್ ತಾವೇ ಮೆಟ್ಟಿಲಿಳಿದು ಬಂದರು. "ತಲೆನೋವು ಹೇಗಿದೆ? ಪಾಠ ಬೇಡ ಅಂದ್ರೆ ಬೇಡ, ನನ್ನ ಗೌನಿನ ಗತಿ ಏನಾಯ್ತು ಹೇಳಿ," ಎಂದರು. ಕಪಾಟಿನ ಹನ್ನೊಂದು ಗಂಟುಗಳಲ್ಲಿ ಒಂದು ಅವರದ್ದು.

ಟೈಲರ್ ಅವರನ್ನು ಬಾಗಿಲ ಹೊರಗೆ ಕರೆದುಕೊಂಡು ಹೋಗಿ, ಕಂಬದ ಮರೆಯಲ್ಲಿ ನಿಂತು, ನಡೆದದ್ದನ್ನು ಹೇಳಿದ. ಹೇಳುವಾಗ ಅವನ ಧ್ವನಿ ಹುಡುಗರ ಧ್ವನಿಯಂತಾಗಿತ್ತು.

"ನಕಲು?" ಎಂದರು ಟೀಚರ್.

"ನಾಳೆ ಮಾಡೋಣ ಅಂದ್ಕೊಂಡಿದ್ದೆ."

ಇಬ್ಬರೂ ಅಂಗಡಿಯೊಳಗೆ ನೋಡಿದರು. ಕತ್ತರಿಯಮ್ಮ ಕತ್ತು ಚಾಚಿ ಇವರನ್ನೇ ನೋಡುತ್ತಿದ್ದಳು.

"ಜನ ಎಲ್ಲಿಗೂ ಓಡಿಹೋಗಿಲ್ಲ ಟೈಲರೇ. ಕರೆಸಿದ್ರೆ ಬರ್ತಾರೆ, ಅಳತೆ ಮತ್ತೆ ತೆಗೀಬಹುದು."

"ಅಳತೆ ಸಿಗುತ್ತೆ ಟೀಚರ್. ಅವಳು ಪಕ್ಕದಲ್ಲಿ ಬರೆದಿದ್ದು ಸಿಗಲ್ಲ. ಅದೊಂದೇ ಉಳಿದಿತ್ತು ನನಗೆ."

"ಅವರಿಗೆ ಹೇಳಿಬಿಡಿ," ಎಂದರು ಟೀಚರ್. "ನನಗೆ ಹೇಳಿದ ಹಾಗೇ ಹೇಳಿ. ಕಿವಿ ಚೆನ್ನಾಗೇ ಇದೆ ಅವರದ್ದು."

ಅವನು ಒಳಗೆ ಹೋಗಿ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತ, ಗಿರಾಕಿಯ ಪ್ಯಾಂಟಿನ ಉದ್ದ ನೋಡಲು ಕೂರುವ ಹಾಗೆ. "ನೋಡು, ನಿನ್ನ ಅಳತೆಗಳೆಲ್ಲ ನನ್ನ ಕೈಯಿಂದ ಅಳಿಸಿಹೋದವು. ಎಲ್ಲಾ. ಒಂದೂ ಉಳಿದಿಲ್ಲ. ಯಾವ ಕೋಣೇಲಿ ನಿಂತಿದೀನಿ ಅಂತ ನೋಡ್ಕೊಳ್ಳಲಿಲ್ಲ. ಬೈಯೋಕೂ ನಿನಗೆ ಬಾಯಿಲ್ಲ, ಅದೇ ನನಗೆ..."

ಅವಳು ಅಳಲಿಲ್ಲ, ಬೆಚ್ಚಲೂ ಇಲ್ಲ. ಕೊನೆಗೂ ಹೇಳಿದೆಯಲ್ಲ ಮಾರಾಯ ಎನ್ನುವ ಹಾಗೆ ಒಂದು ಉಸಿರು ಬಿಟ್ಟಳು. ಆಮೇಲೆ ಮೇಜಿನಂಚು ಹಿಡಿದು ಎದ್ದು, ಕಪಾಟಿನವರೆಗೆ ನಡೆದು, ಕಂದು ಬಣ್ಣದ ಒಂದು ಗಂಟನ್ನು ಎಳೆದು ತಂದು, ಅವನ ಹಿಂದೆಯೇ ಒಳಬಂದು ಕೂತಿದ್ದ ಟೀಚರ ಮಡಿಲಲ್ಲಿ ಹಾಕಿದಳು. ಗಂಟಿಗೆ ಸಿಕ್ಕಿಸಿದ್ದ ಚೀಟಿಯ ಮೇಲೆ ಬೆರಳಿಟ್ಟು ಒತ್ತಿದಳು. ಒಂದೇ ಸಲ, ಗಟ್ಟಿಯಾಗಿ.

"ನಾಳೆ!" ಎಂದಳು.

ಟೀಚರ್ ಕನ್ನಡಕ ಸರಿಮಾಡಿಕೊಂಡು ಚೀಟಿ ನೋಡಿದರು. ಟೈಪಿಂಗ್ ಎಂದು ಬರೆದಿತ್ತು. ಅದರ ಎಡಕ್ಕೆ, ಮೊದಲಕ್ಷರಕ್ಕೆ ಅಂಟಿಕೊಂಡ ಹಾಗೆ, ಬಟ್ಟೆಗೆ ಗುರುತು ಹಾಕುವ ಬಳಪದ ಒಂದು ಚುಕ್ಕಿ.

"ಇದೇನಿದು ಚುಕ್ಕಿ?"

"ಅದಾ? ಅದು ನಮ್ಮ ಅಂಗಡಿ ಪದ್ಧತಿ," ಎಂದ ಟೈಲರ್, ಕಣ್ಣು ಒರೆಸಿಕೊಳ್ಳುತ್ತ. "ಕೆಲಸ ಬಾಕಿ ಇದೆ, ಮುಟ್ಟಬೇಡಿ ಅಂತ. ಹೆಸರಿಗಿಂತ ಮುಂಚೆ ಚುಕ್ಕಿ ಇಟ್ಟೇ ಅವಳು ಚೀಟಿ ಬರೆಯೋದು. ಇಸ್ತ್ರಿ ಆಗಿ ಗಿರಾಕಿ ಕೈಗೆ ಹೋಗುವಾಗ ಒರೆಸಿಬಿಡ್ತಾಳೆ. ಮೂವತ್ತೆಂಟು ವರ್ಷದಿಂದ ಹಾಗೇ. ಚುಕ್ಕಿ ಇಡದೆ ಅವಳ ಕೈಗೆ ಹೆಸರು ಬರೆಯೋಕೇ ಬರಲ್ಲ."

ಟೀಚರ್ ಚೀಟಿಯನ್ನೇ ನೋಡುತ್ತ ಕೂತುಬಿಟ್ಟರು. ಆಮೇಲೆ ಕತ್ತರಿಯಮ್ಮನ ಮುಖ ನೋಡಿದರು. ಅವಳು, ಇಷ್ಟು ಹೊತ್ತು ಬೇಕಾಯಿತಾ ನಿಮಗೆ ಎನ್ನುವಂತೆ ಗಲ್ಲ ಎತ್ತಿ ನಿಂತಿದ್ದಳು.

"ಟೈಲರೇ, ಬನ್ನಿ. ಕೂತ್ಕೊಳ್ಳಿ. ಎಲ್ಲಿದೀರಿ ಕೇಳಿ ಮೊದಲು."

ಅವನು ಪಿ-ಡಬ್ಲ್ಯೂ-ಡಿ ಒತ್ತಿದ. ಅಳತೆಗಳ ಕೋಣೆ.

"ಎಲ್-ಎಸ್ ಬರೀರಿ. ಎಂಟರ್ ಬೇಡ, ತಡೀರಿ. ಸ್ವಲ್ಪ ಜಾಗ ಬಿಡಿ. ಒಂದು ಅಡ್ಡಗೆರೆ. ಅದಕ್ಕೆ ಅಂಟಿಸಿ ಎ ಬರೀರಿ. ಈಗ ಒತ್ತಿ."

ಕಪ್ಪು ತೆರೆಯ ಮೇಲೆ ಹೆಸರುಗಳು ಮೂಡಿದವು. ಮೊದಲು ಬರಿಯ ಒಂದು ಚುಕ್ಕಿ, ಅಂದರೆ ನಿಂತ ಜಾಗ. ಆಮೇಲೆ ಎರಡು ಚುಕ್ಕಿ, ಹಿಂದಿನ ಬಾಗಿಲು. ಅದರಾಚೆ, ಎಡಗಡೆ ಒಂದೊಂದು ಚುಕ್ಕಿ ಇಟ್ಟುಕೊಂಡ ಹೆಸರುಗಳು: ಟೈಪಿಂಗ್, ಎತ್ತರದ ನರ್ಸಿನ ತಮ್ಮ, ಗಡಿಯಾರದವರ ಸೊಸೆ, ಬಸ್ಸಿನ ಅಣ್ಣ...

"ಚುಕ್ಕಿಯಿಂದ ಶುರುವಾಗೋ ಹೆಸರನ್ನ ಇದು ಸುಮ್ಮಸುಮ್ಮನೆ ತೋರಿಸಲ್ಲ," ಎಂದರು ಟೀಚರ್, ಉಸಿರು ಬಿಗಿಹಿಡಿದ ಧ್ವನಿಯಲ್ಲಿ. "ಎಲ್ಲಾ ತೋರಿಸು ಅಂತ ಬಾಯಿಬಿಟ್ಟು ಕೇಳಬೇಕು. ನಕ್ಷತ್ರಾನೂ ಚುಕ್ಕಿ ಇಟ್ಟ ಹೆಸರನ್ನ ಮುಟ್ಟಲ್ಲ. ನೀವು ಅಳಿಸಿದ್ದು ಮುಗಿದವರನ್ನ. ಬಾಕಿ ಇರೋರು ಇಲ್ಲೇ ಇದಾರೆ, ನೋಡಿ. ಇಷ್ಟು ದಿನ ನನಗೂ ಹೊಳೀಲಿಲ್ಲವಲ್ಲ! ಚೀಟಿ ಮೇಲೆ ಇಟ್ಟ ಹಾಗೇ ಇಲ್ಲೂ ಇಟ್ಟಿದಾರೆ ನಿಮ್ಮ ಮನೆಯೋರು."

ಮೊದಲು ಟೀಚರದ್ದನ್ನು ತೆರೆದರು. ಕುತ್ತಿಗೆ ಹದಿನಾಲ್ಕು, ಎದೆ ಮೂವತ್ತೆಂಟು, ತೋಳು ಹತ್ತೊಂಬತ್ತು. ಪಕ್ಕದಲ್ಲಿ: ಹಿಂದೆ ಜಿಪ್ ಕೇಳಿದ್ರು, ಹೂಂ ಅಂದೆ. ಇಡಬಾರದು. ಒಬ್ಬರೇ ಇರ್ತಾರೆ, ಎಳೆಯೋರು ಯಾರು? ಮುಂದೆ ಗುಂಡಿ. ಕೇಳಿದ್ರೆ ಮರೆತೆ ಅನ್ನೋದು.

ಟೀಚರ್ ಅದನ್ನು ಎರಡು ಸಲ ಓದಿದರು. ಅವರ ಕೈ ತಾನಾಗಿ ಕತ್ತಿನ ಹಿಂಭಾಗಕ್ಕೆ ಹೋಯಿತು. ನಲವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಬೆರಳು ಎಲ್ಲಿಡಬೇಕೆಂದು ಗದರಿಸಿ ಕಲಿಸಿದ ಹೆಂಗಸು, ತಮ್ಮ ಕೈ ಎಲ್ಲಿಡಬೇಕೆಂದು ತಿಳಿಯದೆ, ಎದ್ದು ಹೋಗಿ ಕತ್ತರಿಯಮ್ಮನ ಸೋತ ಬಲಗೈಯನ್ನು ಹಿಡಿದುಕೊಂಡರು.

ಟೈಲರ್ ಅಷ್ಟರಲ್ಲಿ ಬೆರಳಿಟ್ಟು ಎಣಿಸುತ್ತಿದ್ದ. ಕಪಾಟಿನಲ್ಲಿ ಗಂಟು ಹನ್ನೊಂದು. ತೆರೆಯ ಮೇಲೆ ಹೆಸರು ಹನ್ನೆರಡು. ಮತ್ತೆ ಎಣಿಸಿದ. ಹನ್ನೆರಡೇ. ಹೆಚ್ಚಿಗೆ ಇದ್ದ ಹೆಸರು ಪಟ್ಟಿಯ ನಡುವೆ, ಬೇರೆಯವರ ಸಂದಿಯಲ್ಲಿ ಸಣ್ಣದಾಗಿ ಕೂತಿತ್ತು. ಇವರು.

ಹೆಂಡತಿ ಅವನನ್ನು ಬೇರೆ ಯಾವ ಹೆಸರಿನಿಂದಲೂ ಕರೆದವಳಲ್ಲ. ಎದುರಿಗಿದ್ದರೆ ಏನ್ರೀ, ಇಲ್ಲದಿದ್ದರೆ ಇವರು.

ಟೀಚರ್ ದೂರದಿಂದಲೇ ಅದನ್ನು ಓದಿದರು. "ನನ್ನ ಗೌನು ನಾಳೆ ನೋಡೋಣ," ಎಂದವರೇ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡು ಹೋದರು.

ಅವನು ತೆರೆದ. ಮೇಲಿನ ಸಾಲಿನಲ್ಲಿ ಕೋಟು ಎಂದಿತ್ತು. ಕೆಳಗೆ ವರ್ಷಕ್ಕೊಂದರಂತೆ ಸಾಲುಗಳು, ಎಷ್ಟೋ ಸಾಲುಗಳು. ಹಳೇ ಪುಸ್ತಕಗಳಿಂದ ಒಂದೊಂದಾಗಿ ಇಳಿಸಿದವು.

ಎದೆ ಮೂವತ್ನಾಲ್ಕು, ಭುಜ ಹದಿನೇಳು. ಮಿಷನ್ ಮೇಲೆ ಮಲಗಿದ್ದಾಗ ತೊಗೊಂಡೆ. ಎಚ್ಚರ ಆಯ್ತು. ನೊಣ ಅಂದೆ. ಬಟ್ಟೆ ನೋಡಬೇಕು.

ಎದೆ ಮೂವತ್ತಾರು. ಈ ವರ್ಷನೂ ಆಗಲಿಲ್ಲ, ಶಾಲೆ ಯೂನಿಫಾರಂ ಬಂತು.

ಎದೆ ಮೂವತ್ತೆಂಟು. ಎಡಭುಜ ಕಾಲು ಇಂಚು ಇಳಿದಿದೆ. ಹೇಳಿಲ್ಲ.

ಹೊಟ್ಟೆ ನಲವತ್ತು. ಹೇಳಿದ್ರೆ ಊಟ ಬಿಡ್ತಾರೆ.

ಈ ಸಲ ನೊಣ ಅನ್ನಲಿಲ್ಲ, ಏಳಲೇ ಇಲ್ಲ. ಸುಸ್ತಾಗ್ತಾರೆ ಈಗೀಗ. ಎಡಭುಜ ಮುಕ್ಕಾಲು ಇಂಚು. ಒಳಗೊಂದು ಪಟ್ಟಿ ಕೊಟ್ರೆ ಕಾಣಲ್ಲ.

ಅವನ ಕೈ ಎಡಭುಜಕ್ಕೆ ಹೋಯಿತು. ತನ್ನ ಬೆನ್ನು ತನಗೆ ಕಾಣದು ಎನ್ನುವುದು ಸುಳ್ಳಲ್ಲ. ಊರಿಗೆಲ್ಲ ಕೋಟು ಹೊಲಿದವನ ಮೈಮೇಲೆ ಮೂವತ್ತೆಂಟು ವರ್ಷದಲ್ಲಿ ಒಂದು ಕೋಟು ಬಿದ್ದಿರಲಿಲ್ಲ. ಅದು ಬೇಕು ಎಂದು ಅವನಿಗೆ ಅನ್ನಿಸಿಯೂ ಇರಲಿಲ್ಲ. ಬೇಕು ಎಂದು ಬೇರೆಯವರಿಗೆ ಇಷ್ಟು ವರ್ಷ ಅನ್ನಿಸುತ್ತಿತ್ತು ಎಂಬುದನ್ನು ಅವನು ಈಗ ಓದುತ್ತಿದ್ದ. ಅಕ್ಷರಗಳು ನೀರಿನಲ್ಲಿ ಬಿದ್ದ ಹಾಗೆ ಅಲುಗಿದವು. ಕಣ್ಣೊರೆಸಿಕೊಂಡು ಕೊನೆಯ ಸಾಲಿಗೆ ಬಂದ. ತಾರೀಖು ನಾಲ್ಕು ತಿಂಗಳ ಹಿಂದಿನದು, ಕಾಲರಿನ ತಿರುವಿನಲ್ಲಿ ಕತ್ತರಿ ನಿಂತ ಬೆಳಿಗ್ಗೆಯ ಹಿಂದಿನ ದಿನ.

ಬಟ್ಟೆ ಸಿಕ್ತು. ಬೂದು. ಕೆಳಗಿನ ಡ್ರಾಯರ್, ಲೈನಿಂಗ್ ತುಂಡುಗಳ ಅಡಿ. ಇನ್ನೊಂದು ಸಲ ಅಳತೆ ನೋಡಿ ಕತ್ತರಿಸಬೇಕು. ನಾಳೆ.

ಅವನು ತಿರುಗಿ ನೋಡಿದ. ಅವಳು ಗುಂಡಿಗಳ ಕಡೆಗೆ ಮುಖ ಮಾಡಿ ಕೂತಿದ್ದಳು, ಏನೂ ತಿಳಿಯದವಳ ಹಾಗೆ. ಕಿವಿಯ ತುದಿ ಮಾತ್ರ ಕೆಂಪಗಾಗಿತ್ತು.

ಅವನು ಅಳತೆಗಳ ಕೋಣೆಯನ್ನು ಪೂರ್ತಿಯಾಗಿ ನಕಲು ಮಾಡಿ ಇನ್ನೊಂದು ಕೋಣೆಯಲ್ಲಿಟ್ಟ. ಚುಕ್ಕಿ ಇಟ್ಟವರೆಲ್ಲ ಬಂದಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಿ ನೋಡಿದ, ಬಂದಿದ್ದರು. ಕೆಳಗಿನ ಡ್ರಾಯರ್ ಎಳೆದ. ಲೈನಿಂಗ್ ತುಂಡುಗಳ ಅಡಿಯಲ್ಲಿ ಬೂದು ಬಟ್ಟೆ ಕಾಗದದೊಳಗೆ ಮಡಿಸಿ ಇತ್ತು, ಕೈಗೆ ಮೆತ್ತಗೆ, ಸ್ವಲ್ಪ ತಂಪಾಗಿ. ಅದನ್ನು ಕತ್ತರಿಸುವ ಮೇಜಿನ ಮೇಲೆ ಹಾಸಿ, ಸುಕ್ಕು ನೇವರಿಸಿ, ಪಕ್ಕದಲ್ಲಿ ಬಳಪವನ್ನೂ ಟೇಪನ್ನೂ ಅವಳ ಎಡಗೈಗೆ ಎಟುಕುವ ಹಾಗೆ ಇಟ್ಟ.

ಊಟವಾಯಿತು. ಬೀದಿ ಸದ್ದಡಗಿತು. ಬಿಸಿಲು ಕಿಟಕಿಯಿಂದ ಇಳಿದು, ಗುಂಡಿಗಳ ಡಬ್ಬಿ ದಾಟಿ, ಬೂದು ಬಟ್ಟೆಯ ಅಂಚಿಗೆ ಬಂದು ನಿಂತಿತು. ಟೈಲರ್ ಎಂದಿನಂತೆ ಮಿಷನ್ನಿನ ಮುಂದೆ ಕೂತು, ಆಕಳಿಸಿ, ತೋಳುಗಳನ್ನು ಮಡಚಿ ತಲೆಯಿಟ್ಟು ಕಣ್ಣು ಮುಚ್ಚಿದ.

ನಿದ್ದೆ ಬರಲಿಲ್ಲ. ಬರುವುದು ಬೇಕಿರಲೂ ಇಲ್ಲ. ಉಸಿರನ್ನು ಉದ್ದುದ್ದ ಬಿಡುತ್ತ, ನಡುವೆ ಒಂದು ಸಣ್ಣ ಗೊರಕೆಯನ್ನೂ ಸೇರಿಸಿ, ಕಾದ. ಬಹಳ ಹೊತ್ತಿನ ಮೇಲೆ ಕುರ್ಚಿ ಕಿರುಗುಟ್ಟಿತು. ಕಾಲೆಳೆಯುವ ಸದ್ದು, ತಡೆದು, ಮತ್ತೆ ಕಾಲೆಳೆಯುವ ಸದ್ದು. ಬೆನ್ನ ಹಿಂದೆ ಬಳಪದ ಧೂಳಿನ ವಾಸನೆ ಬಂದು ನಿಂತಿತು. ಟೇಪಿನ ತುದಿಯ ತಗಡು ಎಡಭುಜಕ್ಕೆ ತಣ್ಣಗೆ ತಾಗಿ, ಜಾರಿ ಬಿತ್ತು. ಮತ್ತೆ ತಾಗಿತು, ಮತ್ತೆ ಜಾರಿತು. ಒಂದೇ ಕೈ, ಇನ್ನೊಂದು ತುದಿ ಹಿಡಿಯಲು ಅವಳಿಗೆ ಕೈಯಿರಲಿಲ್ಲ.

ಮೂರನೆಯ ಸಲ ತಗಡು ತಾಗಿದಾಗ ಅವನು ನಿದ್ದೆಯಲ್ಲಿ ಹೊರಳಿದವನಂತೆ ಗೊಣಗಿ, ಮುಖವನ್ನು ಎಡಕ್ಕೆ ತಿರುಗಿಸಿ, ಟೇಪಿನ ತುದಿಯನ್ನು ಗಲ್ಲದ ಅಡಿ ಒತ್ತಿ ಹಿಡಿದ. ಟೇಪು ಬೆನ್ನ ಮೇಲೆ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಹರಿಯಿತು. ಅವನು ಕಣ್ಣು ತೆರೆಯಲಿಲ್ಲ.